ಚೀಟಿ ಬೇಡ ಮೇಡಂ, ಹಚ್ಕೊಳ್ಳಿ

ಹೋದ ತಿಂಗಳು ನೆಂಟರ ಮನೆ ಮದುವೆಗೆ ಹೋಗಿದ್ನಾ, ಪನ್ನೀರು ಹಾಕಿಸ್ಕೊಂಡು ಛತ್ರದೊಳಗೆ ಕಾಲಿಟ್ಟಿದ್ದೇ ತಡ, ಒಬ್ರಾದ್ರೂ ತಿಂಡಿ ಆಯ್ತಾ ಅಂತ ಕೇಳ್ಬೇಕಲ್ಲ, ಊಹೂಂ, ಎಲ್ರದ್ದೂ ಒಂದೇ ರಾಗ, "ಏನೇ ಇದು, ಮುಖದ ಮೇಲೆ ಇಷ್ಟೊಂದು ಬಂಗು!" ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ಎರಡನೇ ಮಗು ಹೊಟ್ಟೇಲಿದ್ದಾಗ ಬಂದಿದ್ದು, ಆ ಮಗು ಈಗ ಮೂರನೇ ಕ್ಲಾಸು, ಅಲ್ಲಿಂದ ಇಲ್ಲಿವರೆಗೂ ನಮ್ಮನೇಲಿ ಕನ್ನಡೀನೇ ಇಲ್ಲ ಪಾಪ. ಧಾರೆ ಮುಗಿಯೋ ಹೊತ್ತಿಗೆ ಕಡ್ಲೆಹಿಟ್ಟು, ಹಾಲಲ್ಲಿ ತೇಯ್ದ ಜಾಯಿಕಾಯಿ, ಆಲೂಗಡ್ಡೆ ರಸ, ನಿಂಬೆಹಣ್ಣಿನ ಹೋಳು, ಪಿತ್ತಕ್ಕೆ ಜೀರಿಗೆ ಕಷಾಯ, ಅಲ್ಲಿಗೆ ಐದು ಔಷಧಿ ಆಯ್ತು, ಪಂಕ್ತೀಲಿ ಕೂತಾಗ ಪಲ್ಯ ಬಡಿಸ್ತಿದ್ದೋರು ಸೌಟು ಹಿಡ್ಕೊಂಡೇ ಆರನೇದು ಹೇಳಿ ಮುಂದಕ್ಕೆ ಹೋದ್ರು.

(ನಿಂಬೆರಸ ಹಚ್ಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಇದ್ದಿದ್ದಕ್ಕಿಂತ ಕಪ್ಪಾಗತ್ತೆ. ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಹೋಳಿಗೆ ಬಂತು.)

ಕೈ ತೊಳೆಯೋ ಜಾಗದಲ್ಲಿ ಚಿಕ್ಕಮ್ಮ ಸಿಕ್ಕಿದ್ರು. ಬಾ ಇಲ್ಲಿ ಅಂತ ಪಕ್ಕಕ್ಕೆ ಕರ್ಕೊಂಡು ಹೋಗಿ ಪರ್ಸಿಂದ ಒಂದು ಟ್ಯೂಬ್ ತೆಗೆದ್ರು, ಬಾಲದಿಂದ ಸುತ್ತಿ ಸುತ್ತಿ ಹಿಂಡಿ ಹೆಬ್ಬೆಟ್ಟಿನಷ್ಟಾಗಿತ್ತು. "ಇದನ್ನ ಹಚ್ಚು, ಹದಿನೈದೇ ದಿನ, ಬೆಳ್ಳಗಾಗ್ತೀಯ. ನಾನು ನಾಲ್ಕು ವರ್ಷದಿಂದ ಹಚ್ತಿದೀನಿ." ಹದಿನೈದು ದಿನದ ಔಷಧಿ ನಾಲ್ಕು ವರ್ಷ ಯಾಕೆ ಹಚ್ಬೇಕು ಅಂತ ಕೇಳೋ ಧೈರ್ಯ ಬರ್ಲಿಲ್ಲ. ಹತ್ರದಿಂದ ನೋಡಿದ್ರೆ ಚಿಕ್ಕಮ್ಮನ ಕೆನ್ನೆ ತುಂಬಾ ಕೆಂಪು ನೂಲಿನ ಎಳೆ ಹರಡಿದ ಹಾಗೆ ರಕ್ತನಾಳ, ಗಲ್ಲದ ಮೇಲೆ ಹೊಸದಾಗಿ ನಾಲ್ಕು ಕೂದಲು. "ಗುಲಾಬಿ ಕಲರ್ ಬಂದಿದೆ ನೋಡು" ಅಂದ್ರು. ಒಲೆ ಮುಂದೆ ನಿಂತ್ರೆ ಸ್ವಲ್ಪ ಉರಿಯತ್ತಂತೆ, ಒಂದಿನ ಹಚ್ಚದಿದ್ರೆ ಇನ್ನೂ ಉರಿಯತ್ತಂತೆ, ಅದಕ್ಕೇ ಬಿಡೋದೇ ಇಲ್ವಂತೆ.

ಮಾರನೇ ದಿನ ಕುತೂಹಲಕ್ಕೆ ಅಂತಾನೇ ನಮ್ಮ ರೋಡಿನ ಮೆಡಿಕಲ್ ಸ್ಟೋರಿಗೆ ಹೋದೆ. ನನ್ನ ಮುಂದೆ ಒಬ್ರು ಅಜ್ಜ ನಿದ್ದೆ ಮಾತ್ರೆ ಕೇಳ್ತಿದ್ರು. "ಚೀಟಿ ಇಲ್ದೆ ಕೊಡಲ್ಲ ತಾತ, ರೂಲ್ಸು" ಅಂತ ಹುಡುಗ ಖಡಕ್ಕಾಗಿ ಹೇಳಿ ಕಳಿಸ್ದ, ಪರವಾಗಿಲ್ವೇ ನಮ್ಮ ದೇಶ ಅನ್ನಿಸ್ತು. ನನ್ನ ಸರದಿ ಬಂತು, ಟ್ಯೂಬಿನ ಫೋಟೋ ತೋರಿಸಿದೆ, ಅವನು ತಿರುಗೂ ನೋಡ್ದೆ ಹಿಂದಕ್ಕೆ ಕೈ ಹಾಕಿ ತೆಗೆದು ಕೌಂಟರ್ ಮೇಲಿಟ್ಟ. ಬಿಸ್ಕೆಟ್‌ ತೆಗೆಯೋಕೆ ಕೂಡ ಅಂಗಡಿಯೋರು ಒಂದ್ಸಲ ಹಿಂದೆ ನೋಡ್ತಾರೆ.

"ಇದಕ್ಕೆ ಚೀಟಿ ಬೇಡ್ವಾ?"

"ಚೀಟಿ ಬೇಡ ಮೇಡಂ, ಹಚ್ಕೊಳ್ಳಿ. ಮುಖಕ್ಕೆ ತಾನೇ, ನುಂಗೋದೇನಿಲ್ವಲ್ಲ. ಎರಡು ಕೊಡ್ಲಾ?"

ಮನೆಗೆ ಬಂದು ಡಬ್ಬಿ ಮೇಲಿನ ಅಕ್ಷರನ ಫೋನಲ್ಲಿ ಝೂಮ್ ಮಾಡಿ ಓದಿದೆ, ಬರಿಗಣ್ಣಿಗೆ ಕಾಣೋ ಸೈಜಲ್ಲಿ ಹಾಕಿದ್ರೆ ಯಾರಾದ್ರೂ ಓದ್ಬಿಡ್ತಾರಲ್ಲ. ಒಂದಲ್ಲ, ಮೂರು ಔಷಧಿ. ಬಣ್ಣ ತಯಾರಾಗೋದನ್ನೇ ತಡೆಯೋಕೆ ಹೈಡ್ರೊಕ್ವಿನೋನ್, ಮೇಲಿನ ಪದರ ಬೇಗ ಉದುರಲಿ ಅಂತ ಟ್ರೆಟಿನಾಯಿನ್, ಇವೆರಡು ಎಬ್ಬಿಸೋ ಉರಿ ಆರಿಸೋಕೆ ಒಂದು ಸ್ಟೆರಾಯ್ಡು. ಈ ತ್ರಿಮೂರ್ತಿ ಫಾರ್ಮುಲಾನ 1975ರಲ್ಲಿ ಅಮೆರಿಕದಲ್ಲಿ ಕ್ಲಿಗ್‌ಮನ್, ವಿಲ್ಲಿಸ್ ಅನ್ನೋ ಇಬ್ರು ಡಾಕ್ಟ್ರು ಬರೆದಿದ್ದು. ಫಾರ್ಮುಲಾ ಕೆಟ್ಟದ್ದೇನಲ್ಲ, ಇವತ್ತಿಗೂ ಚರ್ಮದ ಡಾಕ್ಟ್ರು ಇದರ ತಮ್ಮಂದಿರನ್ನ ಬರೀತಾರೆ, ಆದ್ರೆ ರಾತ್ರಿ ಮಾತ್ರ, ಕಲೆ ಇರೋ ಕಡೆ ಮಾತ್ರ, ಎಂಟು ವಾರ ಹನ್ನೆರಡು ವಾರ ಅಂತ ಲೆಕ್ಕ ಇಟ್ಟು. ಅದನ್ನೇ ಬೆಳಗ್ಗೆ ಸ್ನೋ ಬಳಿದ ಹಾಗೆ ಮುಖ ಪೂರ್ತಿ ವರ್ಷಗಟ್ಲೆ ಬಳ್ಕೊಂಡ್ರೆ ಸ್ಟೆರಾಯ್ಡು ಚರ್ಮನ ತೆಳ್ಳಗೆ ಮಾಡತ್ತೆ, ಮೊಡವೆ ಎಬ್ಬಿಸತ್ತೆ, ಬಿಟ್ರೆ ಮುಖ ಉರಿಸತ್ತೆ, ಹೈಡ್ರೊಕ್ವಿನೋನೂ ತನ್ನ ಪಾಲಿಗೆ ಕೆಲವರಿಗೆ ನೀಲಿಗಪ್ಪು ಕಲೆ ಕೊಟ್ಟು ಹೋಗತ್ತೆ. ಕಪ್ಪು ಹೋಗ್ಲಿ ಅಂತ ದುಡ್ಡು ಕೊಟ್ಟು ನೀಲಿಗಪ್ಪು ತರೋದು!

ಅದೇ 1975ರಲ್ಲೇ ನಮ್ಮ ದೇಶದಲ್ಲಿ ಫೇರ್ ಅಂಡ್ ಲವ್ಲೀನೂ ಮಾರ್ಕೆಟ್ಟಿಗೆ ಬಂತು ಅನ್ನೋದು ಕಾಕತಾಳೀಯ. ನಲವತ್ತೈದು ವರ್ಷ ಆದ್ಮೇಲೆ, 2020ರಲ್ಲಿ, ಫೇರ್ ಅನ್ನೋದು ತಪ್ಪು ಅಂತ ಜ್ಞಾನೋದಯ ಆಗಿ ಗ್ಲೋ ಅಂಡ್ ಲವ್ಲಿ ಆಯ್ತು. ಅಲ್ಲಿಂದ ಪಾರ್ಲರಲ್ಲೂ ಯಾರೂ ಬೆಳ್ಳಗೆ ಮಾಡ್ತೀವಿ ಅನ್ನಲ್ಲ, ಗ್ಲೋ, ಬ್ರೈಟ್ನಿಂಗ್, ಡೀಟ್ಯಾನ್ ಅಂತಾರೆ. ಹುಟ್ಟಿದಾಗಿನಿಂದ ಇರೋ ಬಣ್ಣಕ್ಕೆ ಟ್ಯಾನ್ ಅಂತ ಹೆಸರಿಟ್ಟು ತೆಗೀತೀವಿ ಅಂದ್ರೆ ನಮ್ಮಪ್ಪಂದೂ ತೆಗೀಬೇಕಾಗತ್ತೆ, ಅವರಿಂದಾನೇ ಬಂದಿದ್ದು. ಅದೇ ವರ್ಷ ಫೆಬ್ರವರೀಲಿ ಕೇಂದ್ರ ಆರೋಗ್ಯ ಇಲಾಖೆ ಒಂದು ಕರಡು ಬಿಟ್ಟಿತ್ತು, ಬೆಳ್ಳಗೆ ಮಾಡ್ತೀವಿ ಅಂತ ಜಾಹೀರಾತು ಕೊಟ್ರೆ ಮೊದಲ್ನೇ ಸಲಕ್ಕೇ ಎರಡು ವರ್ಷದ ತನಕ ಜೈಲು, ಹತ್ತು ಲಕ್ಷದ ತನಕ ದಂಡ ಅಂತ. ಕರಡು ಅಂದ್ರೆ ಕರಡಿ ಅಲ್ವಲ್ಲ, ಯಾರೂ ಹೆದರ್ಲಿಲ್ಲ.

ಸ್ಟೆರಾಯ್ಡ್ ಕ್ರೀಮಿಗಂತೂ ಕರಡಲ್ಲ, ನಿಯಮಾನೇ ಇದೆ. 2018ರಲ್ಲೇ ಸರ್ಕಾರ ಇವನ್ನ ಡಾಕ್ಟ್ರ ಚೀಟಿ ಇಲ್ದೆ ಮಾರೋ ಹಾಗಿಲ್ಲ ಅಂತ ಷೆಡ್ಯೂಲ್ ಎಚ್‌ಗೆ ಬಿಗಿಯಾಗಿ ಸೇರಿಸ್ತು. ನಾನು ತಂದ ಡಬ್ಬಿ ಮೇಲೂ ಚೀಟಿ ಇಲ್ದೆ ಮಾರ್ಬಾರದು ಅನ್ನೋ ಕೆಂಪು ಗೆರೆ ಇತ್ತು. ಚಿಕ್ಕಮ್ಮ ಅದು ಡಿಸೈನ್ ಅಂದ್ಕೊಂಡಿದಾರೆ.

ಇಷ್ಟಾದ್ರೂ ಟ್ಯೂಬ್ ಮೇಲೆ ಏನಿದೆ ಅಂತ ಬರೆದಿರತ್ತಲ್ಲ, ಅದೂ ಇಲ್ಲದ ಡಬ್ಬಿಗಳಿವೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೇಲಿ ಕಿಡ್ನಿ ಡಾಕ್ಟ್ರು ಅಪರೂಪದ ಒಂದು ಕಿಡ್ನಿ ಕಾಯಿಲೆ ಇರೋ 15 ಜನರನ್ನ ವಿಚಾರಿಸಿದ್ರೆ 13 ಜನ ಬೆಳ್ಳಗಾಗೋ ಕ್ರೀಮ್ ಹಚ್ಚಿದೋರೇ ಆಗಿದ್ರು. ಅನುಮಾನ ಪಾದರಸದ ಮೇಲೆ. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಗಿ ಕೂತಿತ್ತು, ನುಂಗೋದೇನಿಲ್ವಲ್ಲ ಅಂದ ಹುಡುಗನ ಮಾತು ನೆನಪಾಯ್ತು.

ಕೊನೆಗೆ ಚರ್ಮದ ಡಾಕ್ಟ್ರ ಹತ್ರಾನೇ ಹೋದೆ. ಆಯಮ್ಮ ಪಾಪ ಕೂರಿಸ್ಕೊಂಡು ಹೇಳಿದ್ರು, ಬಣ್ಣ ತಯಾರಿಸೋ ಕೋಶಗಳು ಬಿಳಿಯೋರಿಗೂ ನಮಗೂ ಹೆಚ್ಚುಕಮ್ಮಿ ಅಷ್ಟೇ ಇರತ್ತಮ್ಮ, ನಮ್ಮವು ಜಾಸ್ತಿ ಕೆಲಸ ಮಾಡ್ತವೆ, ಬಂಗಲ್ಲಂತೂ ಓವರ್‌ಟೈಮು. ಬಸಿರು, ಹಾರ್ಮೋನು, ವಂಶ, ಎಲ್ಲಕ್ಕಿಂತ ಮೇಲಾಗಿ ಬಿಸಿಲು. ಬರೀ ಬಿಸಿಲೂ ಅಲ್ಲ, ಕಣ್ಣಿಗೆ ಕಾಣೋ ಬೆಳಕೂ ಸಾಕಂತೆ, ಅದಕ್ಕೇ ಐರನ್ ಆಕ್ಸೈಡ್ ಇರೋ ಬಣ್ಣದ ಸನ್‌ಸ್ಕ್ರೀನ್ ಒಳ್ಳೇದಂತೆ. ಎರಡು ಬೆರಳುದ್ದ ಹಚ್ಬೇಕು, ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಬೇಕು. ನಾನು ಇಷ್ಟು ದಿನ ಹಚ್ತಿದ್ದಿದ್ದು ಅರಿಶಿನ ಕುಂಕುಮದಷ್ಟು. ಪೂರ್ತಿ ಹೋಗತ್ತಾ ಅಂದೆ. "ತಿಳಿಯಾಗತ್ತೆ, ಬಿಸಿಲಿಗೆ ಹೋದ್ರೆ ವಾಪಸ್ ಬರತ್ತೆ, ತಿಂಗಳುಗಟ್ಲೆ ತಾಳ್ಮೆ ಬೇಕು. ಮೊದಲು ಒಂದು ಛತ್ರಿ ತಗೊಳ್ಳಿ." ಹೊರಗೆ ಬಂದ್ಮೇಲೆ ಅತ್ತೆ ಫೋನಲ್ಲಿ ಕೇಳಿದ್ರು, ಹೇಳಿದೆ. "ಅಯ್ಯೋ, ಆ ಡಾಕ್ಟ್ರಿಗೆ ಏನೂ ಬರಲ್ಲ ಬಿಡು, ಅಷ್ಟು ಫೀಸ್ ತಗೊಂಡು ಛತ್ರಿ ಬರೆದ್ಲಾ?"

ಛತ್ರಿ ಹಿಡಿದೆ. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ, ಬಸ್‌ಸ್ಟಾಪಲ್ಲಿ ಛತ್ರಿ ಹಿಡಿದೋಳು ನಾನೊಬ್ಳೇ. ಎದುರುಮನೆ ಅಂಕಲ್ಲು ಸ್ಕೂಟರ್ ನಿಲ್ಸಿ "ಮಳೆ ಬರೋ ಹಾಗಿದ್ಯಾ?" ಅಂತ ಆಕಾಶ ನೋಡಿದ್ರು. ಪಕ್ಕದಲ್ಲಿದ್ದೋರು ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತ ನಂಗೆ ಕೇಳ್ಸೋ ಹಾಗೇ ಅಂದ್ರು. ಅರ್ಧರಾತ್ರಿ ಅಲ್ಲ ಸ್ವಾಮಿ, ಹನ್ನೆರಡೂವರೆ ಮಧ್ಯಾಹ್ನ, ಕೊಡೆ ಇರೋದೇ ಇದಕ್ಕೆ! ಮುಖದ ಬಣ್ಣಕ್ಕೆ ಸ್ಟೆರಾಯ್ಡು, ಬ್ಲೀಚು, ಪಾದರಸ ಎಲ್ಲ ಹಚ್ಚೋ ಊರಲ್ಲಿ ನೆರಳು ಹಿಡ್ಕೊಂಡು ಹೋಗೋಳು ಮಾತ್ರ ನಗೆಪಾಟಲು.

ಟ್ಯೂಬನ್ನ ಏನು ಮಾಡಿದೆ ಅಂದ್ರಾ, ಹಿಂದಿರುಗಿಸೋಕೆ ಹೋದೆ. ಹುಡುಗ ಮುಖ ಗಂಟಿಕ್ಕಿ, "ಔಷಧಿ ವಾಪಸ್ ತಗೊಳ್ಳಲ್ಲ ಮೇಡಂ, ರೂಲ್ಸು" ಅಂದ.

ಹೋದ ವಾರ ಮದುವೆ ಆಲ್ಬಂ ಬಂತು. ಫೋಟೋಗ್ರಾಫರ್ ಎಲ್ರನ್ನೂ ಎಷ್ಟು ಬ್ರೈಟ್ ಮಾಡಿದಾನೆ ಅಂದ್ರೆ ನನ್ನ ಮುಖದಲ್ಲಿ ಬಂಗೂ ಇಲ್ಲ, ಮೂಗೂ ಇಲ್ಲ, ಹಾಲಿನ ಪಾತ್ರೆಗೆ ಎರಡು ಕಣ್ಣು ಇಟ್ಟ ಹಾಗಿದೆ. ಸಂಜೆ ಚಿಕ್ಕಮ್ಮನ ಫೋನು. ಖುಷಿಗೆ ಉಸಿರೇ ಕಟ್ಟಿತ್ತು ಅವರಿಗೆ.

"ಆಲ್ಬಂ ನೋಡ್ದೆ ಕಣೇ! ನಾನ್ ಹೇಳ್ಲಿಲ್ವಾ, ಆ ಟ್ಯೂಬ್ ಹೇಗೆ ಕೆಲಸ ಮಾಡಿದೆ ನೋಡು!"

"ಚಿಕ್ಕಮ್ಮ, ಫೋಟೋ ತೆಗೆದಿದ್ದು ಮದುವೆ ದಿನ. ನೀವು ಟ್ಯೂಬ್ ತೋರಿಸಿದ್ದೇ ಅವತ್ತು ಊಟ ಆದ್ಮೇಲೆ."

ಒಂದು ನಿಮಿಷ ಸದ್ದಿಲ್ಲ.

"ನೋಡ್ದಾ ಮತ್ತೆ," ಅಂದ್ರು, "ಬರೀ ತೋರಿಸಿದ್ದಕ್ಕೇ ಇಷ್ಟು!"