ಪುಕ್ಕಟೆಯವರಿಗೂ ಪರವಾನಗಿ

ವೆನಿಸ್ ನಗರಾಡಳಿತವು ಊರಿನ ಬಾಗಿಲಲ್ಲಿ ಟಿಕೆಟ್ಟು ಕೇಳಲು ಆರಂಭಿಸಿದ್ದು 2024ರ ಏಪ್ರಿಲ್ 25ರಂದು. ಇಟಲಿಯು ಫ್ಯಾಸಿಸ್ಟರಿಂದ ಬಿಡುಗಡೆ ಹೊಂದಿದ್ದನ್ನು ದೇಶವೆಲ್ಲ ನೆನೆಯುವ ದಿನವದು. ವೆನಿಸ್ಸನ್ನು ಕಾಯುವ ಸಂತ ಮಾರ್ಕನ ಹಬ್ಬವೂ ಅಂದೇ. ವಿಮೋಚನೆಯ ದಿನವೇ ಸುಂಕದ ಕಟ್ಟೆ ತೆರೆಯಬೇಕೆಂದು ಯಾರಿಗೆ ಹೊಳೆಯಿತೋ, ಅವರ ಮುಹೂರ್ತಜ್ಞಾನವನ್ನು ಮೆಚ್ಚಲೇಬೇಕು.

ನಿಯಮ ಸರಳವಾಗಿದೆ. ನಿಗದಿತ ದಿನಗಳಂದು ಬೆಳಿಗ್ಗೆ 8.30ರಿಂದ ಸಂಜೆ 4ರೊಳಗೆ, ಹಗಲು ಬಂದು ಹಗಲೇ ಮರಳುವ ಪ್ರವಾಸಿಯು 5 ಯೂರೊ ಕಟ್ಟಬೇಕು. ಕಟ್ಟದೆ ಸಿಕ್ಕಿಬಿದ್ದರೆ 50ರಿಂದ 300 ಯೂರೊವರೆಗೆ ದಂಡ ತೆರಬೇಕು. ಇದು ಹಣಕ್ಕಾಗಿ ಅಲ್ಲ, ಜನಸಂದಣಿಯನ್ನು ತಗ್ಗಿಸಲಿಕ್ಕೆ ಎಂದು ಆಡಳಿತ ಹೇಳುತ್ತದೆ. ಆದರೆ ದಿನಕ್ಕೆ ಇಂತಿಷ್ಟೇ ಜನ ಬರಬೇಕೆಂಬ ಮಿತಿಯನ್ನು ಮಾತ್ರ ಅದು ಇಟ್ಟಿಲ್ಲ. ಐದು ಯೂರೊ ಕೊಟ್ಟ ಕೂಡಲೇ ಮನುಷ್ಯನು ಸಂದಣಿಯಾಗಿ ಉಳಿಯದೆ ಅತಿಥಿಯಾಗಿಬಿಡುತ್ತಾನೆ ಎಂಬುದು ಇದರ ಹಿಂದಿನ ತತ್ತ್ವವಿರಬೇಕು.

2025ರ ಅದೇ ಏಪ್ರಿಲ್ 25ರಂದು ಮೈಸೂರಿನ ನಿವೃತ್ತ ಅಧ್ಯಾಪಕರೊಬ್ಬರು ಪತ್ನಿಯೊಡನೆ ಸಾಂತಾ ಲೂಚಿಯಾ ನಿಲ್ದಾಣದಲ್ಲಿ ರೈಲಿಳಿದರು ಎಂದಿಟ್ಟುಕೊಳ್ಳೋಣ. ವೆನಿಸ್ಸಿನೊಳಗೆ ಕೋಣೆ ದುಬಾರಿಯೆಂದು ಅವರು ತಂಗಿರುವುದು ಸೇತುವೆಯ ಆಚೆ, ಮೆಸ್ತ್ರೆಯಲ್ಲಿ. ಮೆಸ್ತ್ರೆಯೂ ಅದೇ ನಗರಾಡಳಿತಕ್ಕೆ ಸೇರಿದ್ದರಿಂದ, ಅಲ್ಲಿ ರಾತ್ರಿ ಕಳೆಯುವವರು ಪ್ರವೇಶಶುಲ್ಕ ಕೊಡಬೇಕಾಗಿಲ್ಲ. ಆದರೆ ಕೊಡಬೇಕಾಗಿಲ್ಲ ಎಂಬುದನ್ನು ಜಾಲತಾಣದಲ್ಲಿ ನಮೂದಿಸಿ, ವಿನಾಯಿತಿಯ ಕ್ಯೂಆರ್ ಕೋಡ್ ಪಡೆದು, ಕೇಳಿದವರಿಗೆ ತೋರಿಸಬೇಕು.

“ನಾವು ಏನೂ ಕೊಡೋದಿಲ್ಲ ತಾನೇ? ಮತ್ತೆ ಈ ಚೀಟಿ ಯಾಕ್ರೀ?” ಎಂದು ಆಕೆ ಕೇಳಿದರು.

“ಕೊಡೋದಿಲ್ಲ ಅನ್ನೋದಕ್ಕೇ ಚೀಟಿ ಕಣೇ” ಎಂದರು ಅಧ್ಯಾಪಕರು. ಅವರು ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಿದವರಾದ್ದರಿಂದ ಅವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ವಿನಾಯಿತಿಗಳ ಪಟ್ಟಿಯನ್ನು ಓದುವುದೇ ಒಂದು ಸುಖ. ಊರಿನ ನಿವಾಸಿಗಳನ್ನು ಕಾಣಲು ಬರುವ ಬಂಧುಗಳಿಗೆ ಶುಲ್ಕವಿಲ್ಲ, ಆದರೆ ಆ ಬಂಧುತ್ವವು ಮೂರನೆಯ ಹಂತ ದಾಟುವಂತಿಲ್ಲ. ಇಟಲಿಯ ಕಾನೂನಿನ ಎಣಿಕೆಯಂತೆ ಚಿಕ್ಕಪ್ಪ ಮೂರನೆಯವನು, ಅವನ ಮಗ ನಾಲ್ಕನೆಯವನು. ಹೀಗಾಗಿ ಅಪ್ಪ ಮಗ ಇಬ್ಬರೂ ಒಂದೇ ರೈಲಿನಲ್ಲಿ ಬಂದರೆ ಚಿಕ್ಕಪ್ಪ ಬಂಧುವಾಗಿ ಒಳಹೋಗುತ್ತಾನೆ, ಮಗ ಪ್ರವಾಸಿಯಾಗಿ ನಿಲ್ಲುತ್ತಾನೆ. ದಾಯಾದಿ ಮತ್ಸರಕ್ಕೆ ಇಷ್ಟು ಖಚಿತವಾದ ದರವನ್ನು ನಮ್ಮ ಊರುಗಳಲ್ಲಿ ಯಾವ ಪಂಚಾಯಿತಿಯೂ ನಿಗದಿಪಡಿಸಿರಲಿಲ್ಲ.

ಭಾರವೆಲ್ಲ ಬೀಳುವುದು ಈ ನಗರಾಡಳಿತದ ಹೊರಗಿರುವ ಪಾದುವಾದಂಥ ಊರಲ್ಲಿ ಒಂದು ಅಗ್ಗದ ಕೋಣೆ ಹಿಡಿದು, ಬುತ್ತಿ ಕಟ್ಟಿಕೊಂಡು ಬರುವವರ ತಲೆಯ ಮೇಲೆ. ಊರೊಳಗಿನ ಅರಮನೆಯಂಥ ಹೋಟೆಲಿನಲ್ಲಿ ಮಲಗೆದ್ದವನಿಗೆ ಬಾಗಿಲು ತೆರೆದೇ ಇರುತ್ತದೆ, ರಾತ್ರಿಯ ತೆರಿಗೆಯನ್ನು ಅವನು ಹೋಟೆಲಿಗೇ ಕೊಟ್ಟಿರುವನೆಂಬ ಕಾರಣಕ್ಕೆ. ಬುತ್ತಿಯವನು ಹಣ ಕೊಟ್ಟು ಒಳಬಂದರೂ ಸಂತ ಮಾರ್ಕನ ಚೌಕದ ಮೆಟ್ಟಿಲುಗಳ ಮೇಲೆ ಕುಳಿತು ಬುತ್ತಿ ಬಿಚ್ಚಿದರೆ ಮತ್ತೆ ದಂಡವಿದೆ. 2019ರಲ್ಲಿ ರಿಯಾಲ್ಟೊ ಸೇತುವೆಯ ಬಳಿ ಸಣ್ಣ ಒಲೆ ಹಚ್ಚಿ ಕಾಫಿ ಮಾಡಿಕೊಂಡ ಜರ್ಮನಿಯ ಇಬ್ಬರು ಪ್ರವಾಸಿಗರು 950 ಯೂರೊ ತೆತ್ತರು. ಅಷ್ಟು ಹಣಕ್ಕೆ ದೋಣಿಯ ವಿಹಾರವೇ ಹಲವು ಸಲ ಸಿಗುತ್ತಿತ್ತು. ಹಗಲಿನಲ್ಲಿ ಅರ್ಧ ಗಂಟೆಯ ಗೊಂಡೊಲಾಕ್ಕೆ ಅಧಿಕೃತ ದರ 90 ಯೂರೊ.

ಮೊದಲ ವರ್ಷ ಈ ಸುಂಕ 29 ದಿನಗಳಿಗೆ ಅನ್ವಯಿಸಿತು ಮತ್ತು ಸುಮಾರು 24 ಲಕ್ಷ ಯೂರೊ ತಂದಿತು. ಸಂದಣಿ ಮಾತ್ರ ಕರಗಲಿಲ್ಲವೆಂದು ನಗರಸಭೆಯ ವಿರೋಧಪಕ್ಷದವರು ದೂರಿದರು. ಮದ್ದು ನಾಟದಿದ್ದರೆ ಮದ್ದನ್ನು ಬದಲಿಸುವುದು ಹಳೆಯ ಪದ್ಧತಿ. ನಗರಾಡಳಿತವು 2025ರಲ್ಲಿ ದಿನಗಳನ್ನು 54ಕ್ಕೆ ಏರಿಸಿ, ಮುಂಚಿತವಾಗಿ ಹಣ ಕಟ್ಟದೆ ತಡಮಾಡಿದವರಿಗೆ ಶುಲ್ಕವನ್ನು 10 ಯೂರೊ ಮಾಡಿತು.

ಊರನ್ನು ಉಳಿಸಿಕೊಳ್ಳುವ ಕಾಳಜಿ ಇದ್ದರೆ ನೋಡಬೇಕಾದ ಅಂಕಿ ಬೇರೆಯೇ ಇದೆ. ರಿಯಾಲ್ಟೊ ಸಮೀಪದ ಔಷಧದಂಗಡಿಯೊಂದರ ಕಿಟಕಿಯಲ್ಲಿ ಹಳೆಯ ನಗರದ ನಿವಾಸಿಗಳ ಸಂಖ್ಯೆಯನ್ನು ತೋರಿಸುವ ಫಲಕವೊಂದು 2008ರಿಂದಲೂ ಇದೆ. 1950ರ ದಶಕದ ಆರಂಭದಲ್ಲಿ ಸುಮಾರು 1.75 ಲಕ್ಷವಿದ್ದವರು 2022ರಲ್ಲಿ 50,000ಕ್ಕಿಂತ ಕೆಳಗಿಳಿದರು. ಮರುವರ್ಷ ಪ್ರವಾಸಿಗರ ಹಾಸಿಗೆಗಳೇ ನಿವಾಸಿಗಳಿಗಿಂತ ಹೆಚ್ಚಾದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಇಲ್ಲಿ ಯಾರಿಗೆ ಹೇಳುವುದು? ಹಾಸಿಗೆ ಬೇಕಾದಷ್ಟಿದೆ, ಊರಿನವರ ಕಾಲುಗಳೇ ಇಲ್ಲ. ಮನೆಗಳನ್ನು ವಸತಿಗೃಹ ಮಾಡಿಕೊಳ್ಳುವವರ ಬಾಗಿಲಲ್ಲಿ ಸುಂಕದವರು ನಿಂತದ್ದನ್ನು ಅಧ್ಯಾಪಕ ದಂಪತಿ ಎಲ್ಲಿಯೂ ಕಾಣಲಿಲ್ಲ. ನಿಲ್ದಾಣದ ಮುಂದೆ ಮಾತ್ರ ಅವರ ಕೋಡನ್ನು ಶ್ರದ್ಧೆಯಿಂದ ನೋಡಲಾಯಿತು.

ತಲಾ 9.50 ಯೂರೊ ತೆತ್ತು ವಾಪೊರೆತ್ತೊ ಎಂಬ ದೋಣಿ-ಬಸ್ಸು ಹತ್ತಿ ಅವರು ಚೌಕವನ್ನು ತಲುಪಿದರು. ಅಲ್ಲಿನ ಬಸಿಲಿಕಾದ, ಅಂದರೆ ಸಂತನ ಹೆಸರಿನ ದೊಡ್ಡ ಚರ್ಚಿನ, ಮುಂಭಾಗದಲ್ಲಿ, ಬಲತುದಿಯ ಬಾಗಿಲಿನ ಮೇಲೆ, ಸಂತ ಮಾರ್ಕನ ಆಗಮನದ ಕಥೆಯನ್ನು ಹೇಳುವ ಮೊಸಾಯಿಕ್ ಚಿತ್ರವಿದೆ. ಐತಿಹ್ಯದ ಪ್ರಕಾರ 828ರಲ್ಲಿ ವೆನಿಸ್ಸಿನ ಇಬ್ಬರು ವರ್ತಕರು ಅಲೆಕ್ಸಾಂಡ್ರಿಯದಿಂದ ಸಂತನ ದೇಹವನ್ನು ಕದ್ದು, ಮುಸ್ಲಿಂ ಸುಂಕಾಧಿಕಾರಿಗಳು ಮುಟ್ಟಬಾರದೆಂದು ಹಂದಿಮಾಂಸದ ಕೆಳಗೆ ಮುಚ್ಚಿಟ್ಟು ಹಡಗಿಗೆ ಸಾಗಿಸಿದರು. ಚಿತ್ರದಲ್ಲಿ ಅಧಿಕಾರಿಗಳು ಅಸಹ್ಯಪಟ್ಟು ಹಿಂದೆ ಸರಿಯುತ್ತಾರೆ. ಅಧ್ಯಾಪಕರು ಕಥೆಯನ್ನು ಹೇಳಿ ಮುಗಿಸಿದಾಗ ಪತ್ನಿ ಕತ್ತೆತ್ತಿ ಬಹಳ ಹೊತ್ತು ನೋಡಿದರು.

“ಅಂದ್ರೆ ಈ ಊರಿನ ದೇವರೇ ಸುಂಕ ಕಟ್ಟದೆ ಬಂದವನು ಅನ್ನಿ.”

“ಬಂದವನು ಇಲ್ಲೇ ಉಳಿದುಕೊಂಡನಲ್ಲ,” ಎಂದರು ಅಧ್ಯಾಪಕರು, “ರಾತ್ರಿ ತಂಗಿದವರಿಗೆ ವಿನಾಯಿತಿ ಇದೆ.”