ಗುಲ್ಮದ ಲಿಂಫೋಮಾಗೆ ಇಮ್ಯುನಿಟಿ ಕಷಾಯವೇ?

"ಗುಲ್ಮದ ಕ್ಯಾನ್ಸರ್ ಅಂದರೆ ಇಮ್ಯುನಿಟಿ ಸತ್ತಿದೆ ಅಂತ ಅರ್ಥ. ದಿನಾ ಅಮೃತಬಳ್ಳಿ ಕಷಾಯ ಕುಡಿಯಿರಿ, ಸಾಕು." ಡೊಂಬಿವಲಿಯ ಕನ್ನಡಿಗರ ವಾಟ್ಸಾಪ್ ಗುಂಪೊಂದಕ್ಕೆ ಬಂದ ಸಂದೇಶ ಇದು. ಸತ್ಯಾಂಶ ಬೇರೆಯೇ ಇದೆ.

ಗುಲ್ಮ, ಅಂದರೆ ಸ್ಪ್ಲೀನ್, ಇರುವುದು ಎಡ ಪಕ್ಕೆಲುಬಿನ ಕೆಳಗೆ. ಅಲ್ಲಿ ಹುಟ್ಟುವ ಮಾರ್ಜಿನಲ್ ಝೋನ್ ಲಿಂಫೋಮಾ ಎಂಬ ಕ್ಯಾನ್ಸರ್ ಅಪರೂಪದ್ದು, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಇದರಲ್ಲಿ ಕೆಡುವುದು ಬಿ ಕೋಶಗಳೆಂಬ ಬಿಳಿ ರಕ್ತಕಣಗಳು. ಸೋಂಕು ತಡೆಯುವ ಪ್ರತಿಕಾಯ, ಅಂದರೆ ಆಂಟಿಬಾಡಿ, ತಯಾರಿಸುವ ಬಳಗವೇ ಅದು. ಹಾಗಾಗಿ ಕೆಲವರಲ್ಲಿ ಪ್ರತಿಕಾಯಗಳು ಸ್ವಂತ ದೇಹದ ಮೇಲೇ ತಿರುಗಿಬೀಳುತ್ತವೆ. ಕೆಂಪು ರಕ್ತಕಣಗಳಿಗೆ ಅಂಟಿಕೊಂಡು ಅವನ್ನು ಹಾಳುಮಾಡುತ್ತವೆ. ಕಣ್ಣು ಹಳದಿಯಾಗುತ್ತದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಕೂಂಬ್ಸ್ ಟೆಸ್ಟ್ ಎಂಬ ರಕ್ತಪರೀಕ್ಷೆ ಹುಡುಕುವುದು ಹೀಗೆ ಅಂಟಿದ ಪ್ರತಿಕಾಯವನ್ನೇ. ಇನ್ನು ಕೆಲವರಲ್ಲಿ ಪ್ಲೇಟ್‌ಲೆಟ್ ನಾಶವಾಗಿ, ಸುಮ್ನೆ ಕೈ ತಾಗಿದರೂ ನೀಲಿ ಕಲೆ ಬೀಳುತ್ತದೆ. ಅದೇ ಹೊತ್ತಿಗೆ ಸೋಂಕು ತಡೆಯುವ ಪ್ರತಿಕಾಯ ಕಡಿಮೆಯೂ ಇರಬಹುದು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ. ಇಂಥದ್ದರಲ್ಲಿ ಯಾವುದನ್ನು ಅಂತ ಹೆಚ್ಚಿಸೋದು, ಅಲ್ವಾ?

ಅಮೃತಬಳ್ಳಿಯ ವಿಷಯಕ್ಕೆ ಬಂದರೆ, ಅದನ್ನು ಸೇವಿಸಿದ್ದ 6 ಜನರಲ್ಲಿ ಲಿವರ್‌ಗೆ ಪೆಟ್ಟಾಗಿದ್ದನ್ನು ಮುಂಬೈ ವೈದ್ಯರೇ 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೂ ಇಂಥ ರೋಗಿಗಳು ವೈದ್ಯರಿಗೆ ಹೇಳದೆ ಕಷಾಯ ಮುಟ್ಟದಿರುವುದೇ ವಾಸಿ.

ತೊಂದರೆ ಇಲ್ಲದವರಿಗೆ ಔಷಧವೇ ಕೊಡದೆ ಬರೀ ಗಮನಿಸುವುದೂ ಉಂಟು. ಬೇಕಾದವರಿಗೆ ಬಿ ಕೋಶಗಳನ್ನು ಗುರಿಯಾಗಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧ ಇದೆ, ಅದಕ್ಕೂ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಹೆಪಟೈಟಿಸ್ ಸಿ ಇದ್ದವರಲ್ಲಿ, ಆ ವೈರಸ್‌ಗೆ ಚಿಕಿತ್ಸೆ ಕೊಟ್ಟಾಗ ಲಿಂಫೋಮಾವೂ ಇಳಿದ ಉದಾಹರಣೆಗಳಿವೆ. ಗುಲ್ಮ ತೆಗೆಯುವುದಾದರೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳನ್ನು ಸಾಧ್ಯವಾದರೆ 2 ವಾರ ಮೊದಲೇ ಹಾಕಿಸುತ್ತಾರೆ.