80 ಕುದುರೆ, ಒಂದು ಉಂಡೆ ರಾಳ

ಪೆರ್ಲದ ನಮ್ಮ ಮಾವನ ಲೆಕ್ಕದಲ್ಲಿ ಲೋಕದಲ್ಲಿರುವುದು ಒಂದೇ ಇಂಜಿನ್. ಕೆರೆ ಬದಿಯ ಶೆಡ್ಡಿನಲ್ಲಿ ಕೂತು ಅಡಿಕೆ ತೋಟಕ್ಕೆ ನೀರು ಬಿಡುವ 5 ಎಚ್‌ಪಿಯ ಡೀಸೆಲ್ ಇಂಜಿನ್. ನಾನು ಕೊಯಮತ್ತೂರಿನಲ್ಲಿ ಕಾರಿನ ಇಂಜಿನ್‌ಗಳ ಬಲ ಅಳೆಯುವ ಕೆಲಸಕ್ಕೆ ಸೇರಿದೆ ಎಂದಾಗ ಅವರು ಕೇಳಿದ್ದು, "ಅಲ್ಲಿ ಪಂಪಿನ ಸಾಮಾನು ಅಗ್ಗ ಅಲ್ಲನಾ?"

ಅಳೆಯುವುದೆಂದರೆ ಕಾರನ್ನು ರೋಲರ್ ಮೇಲೆ ಹತ್ತಿಸಿ, ಪಟ್ಟಿ ಬಿಗಿದು, ನಿಂತಲ್ಲೇ ಓಡಿಸುವುದು. ಆ ದಿನ ಬಂದದ್ದು ಸೂಪರ್‌ಚಾರ್ಜರ್, ಅಂದರೆ ಇಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುವ ಯಂತ್ರ, ಕೂರಿಸಿದ ಕಾರು. ಹೊಸ ಹೋಸ್‌ಗಳಿಗೆ ಕ್ಲಿಪ್ ಬಿಗಿಯುವ ಕೆಲಸ ನನ್ನದು. ಕೊನೆಯ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಇಟ್ಟೆ, ಫೋನು ಬಂತು. ಮಾವ. "ಪಂಪಿನಲ್ಲಿ ನೀರು ಸೋರದ ಹಾಗೆ ತುಂಬುವ ಗ್ಲ್ಯಾಂಡಿನ ಹಗ್ಗ ಬೇಕಿತ್ತು ಮಾರಾಯ..."

ಹಗ್ಗದ ಅಳತೆ ಬರೆದುಕೊಂಡೆ. ಕ್ಲಿಪ್ ಮರೆತೆ.

ಪೂರ್ತಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಕುಂಬಳೆ ಜಾತ್ರೆಯ ಬೆಡಿಯೇ (ಸಿಡಿಮದ್ದೇ) ಒಳಗೆ ಸಿಡಿದ ಹಾಗೆ ಢಂ! ಹಿಂದೆಯೇ ಕಪ್ಪು ಹೊಗೆ. ಪಿಸ್ಟನ್ ಹೋಯಿತು, ಕೆಲಸವೂ ಹೋಯಿತು ಎಂದು ನಾನು ಗೇಟಿನವರೆಗೆ ಓಡಿದ್ದೆ. ಹೋದದ್ದು ಹೋಸ್ ಮಾತ್ರ. ಒತ್ತಿದ ಗಾಳಿಯೆಲ್ಲ ಹೊರಗೆ, ಪೆಟ್ರೋಲು ಮಾತ್ರ ಮೊದಲಿನಷ್ಟೇ ಒಳಗೆ, ಅದಕ್ಕೇ ಹೊಗೆ.

ಹೋಸ್ ಕೂರಿಸಿದ ಮೇಲೆ ಬೆಲ್ಟಿನ ಸರದಿ. ಗಾಳಿ ಒತ್ತುವ ಇನ್ನೊಂದು ಯಂತ್ರ ಟರ್ಬೊ ಆದರೆ ಸೈಲೆನ್ಸರಿಗೆ ಹೋಗುವ ಹೊಗೆಯಿಂದ ತಿರುಗುತ್ತದೆ. ಸೂಪರ್‌ಚಾರ್ಜರ್ ಹಾಗಲ್ಲ, ಇಂಜಿನ್ ತಿರುಗಿಸುವ ದಂಡ ಕ್ರ್ಯಾಂಕಿನಿಂದ ಬೆಲ್ಟ್ ಹಾಕಿಸಿಕೊಂಡು ತಿರುಗುವ ಗಿರಾಕಿ. ವೇಗ ಏರಿದಂತೆ ಏರಬೇಕಾದ ಬೂಸ್ಟ್ (ಒತ್ತಿದ ಗಾಳಿಯ ಒತ್ತಡ) ಗೆರೆ ನಮ್ಮ ಪರದೆಯಲ್ಲಿ ಸೋತು ಕೆಳಗೆ ಬಾಗಿತು. ಬೆಲ್ಟ್ ಜಾರುತ್ತಿತ್ತು. ಬಿಗಿದೆವು. ಇನ್ನೂ ಬಿಗಿದೆವು. ಅತಿ ಬಿಗಿದರೆ ಬೇರಿಂಗಿಗೆ ಕೇಡು ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಬಿಗಿದೆವು. ಮೂರನೇ ಸಲ ಬೆಲ್ಟೇ ಹರಿಯಿತು. ಇಂಜಿನ್ ತಣಿಸುವ ವಾಟರ್ ಪಂಪಿಗೂ ಅದೇ ಬೆಲ್ಟ್, ಹಾಗಾಗಿ ಬಿಸಿಯ ಮುಳ್ಳು ಏರಿತು. ರಬ್ಬರಿನ ಒಂದು ಎಳೆ ಸಂಜೆ ನನ್ನ ಶರಟಿನ ಕಿಸೆಯಲ್ಲಿ ಸಿಕ್ಕಿತು.

ರಜೆಯಲ್ಲಿ ಊರಿಗೆ ಹೋದಾಗ ಮಾವನಿಗೆ ಇದನ್ನೆಲ್ಲ ಹೇಳಿದೆ. ದೊಡ್ಡಸ್ತಿಕೆಗೆ ಇನ್ನೊಂದು ಸೇರಿಸಿದೆ: 2015ರ ಡಾಡ್ಜ್ ಹೆಲ್‌ಕ್ಯಾಟ್ ಎಂಬ ಅಮೆರಿಕದ ಕಾರಿಗೆ 707 ಕುದುರೆ ಬಲ, ಅದರ ಸೂಪರ್‌ಚಾರ್ಜರ್ ತಿರುಗಿಸುವುದಕ್ಕೇ ಸುಮಾರು 80 ಬೇಕು.

ಮಾವ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದರು. "80? ಗಾಳಿ ಊದಲಿಕ್ಕೆ? ನಮ್ಮಂಥ 16 ಪಂಪು ಆಯಿತಲ್ಲ ಮಾರಾಯ! ಇಡೀ ಬೈಲಿಗೆ ನೀರು ಬಿಡಬಹುದು." ಆಮೇಲೆ ಮೆಲ್ಲಗೆ, "ಬೆಲ್ಟಿಗೆ ರಾಳ ಉಜ್ಜಲಿಲ್ಲವಾ?"

"ಇಲ್ಲ ಮಾವ, ಅದು ಉದ್ದಕ್ಕೂ ಗೀರುಗೀರಿನ ರಬ್ಬರ್ ಬೆಲ್ಟು..."

"ಜಾರುವುದು ಜಾರುವುದೇ."

ಹೊರಡುವಾಗ ಕಾಗದದಲ್ಲಿ ಸುತ್ತಿದ ರಾಳದ ಉಂಡೆಯೊಂದು ನನ್ನ ಚೀಲ ಸೇರಿತ್ತು. ಅದನ್ನು ಕಾರ್ಖಾನೆಯ ಟೂಲ್‌ಬಾಕ್ಸಿನಲ್ಲಿ ಇಟ್ಟು ಮರೆತಿದ್ದೆ. ಒಂದು ಶುಕ್ರವಾರ ಪೂಜೆಗೆ ಸಾಮ್ರಾಣಿ ಮುಗಿದಿತ್ತು. ಓನರ್ ಉಂಡೆ ಮೂಸಿ ನೋಡಿ, ಕೆಂಡಕ್ಕೆ ಹಾಕಿ, ರೋಲರಿಗೂ ಕಂಪ್ಯೂಟರಿಗೂ ಧೂಪ ತೋರಿಸಿದರು. ಅದೇ ಕಾರು ಆ ದಿನ ಗೆರೆ ಬಾಗಿಸದೆ ಕೊನೆಯವರೆಗೆ ಓಡಿತು.

ಮಾವನಿಗೆ ಫೋನು ಮಾಡಿ ರಾಳ ಕೆಲಸ ಮಾಡಿತು ಎಂದೆ. ಆ ಬೆಳಿಗ್ಗೆಯೇ ಬೆಲ್ಟನ್ನು ಬಿಗಿಯಾಗಿ ಇಡುವ ಹೊಸ ಟೆನ್ಷನರ್ ಹಾಕಿದ್ದನ್ನು ಹೇಳಲಿಲ್ಲ.